ಕಾರಿನಲ್ಲಿ ಅವ್ವನ ಜಾಗ

ಗುದ್ದಿಸಿಕೊಂಡ ವಾಹನಗಳನ್ನು ನೋಡಿ ನಷ್ಟ ಎಷ್ಟೆಂದು ಬರೆದುಕೊಡುವುದು ನನ್ನ ಕೆಲಸ. ಒಡೆದ ಗಾಜು, ನೆಗ್ಗಿದ ಬಾಗಿಲು ನನಗೆ ಹೊಸದಲ್ಲ. ಆದರೆ ಒಮ್ಮೆ ಜಜ್ಜಿಹೋದ ಕಾರೊಂದರ ಹಿಂದಿನ ಸೀಟಿನ ಕೆಳಗೆ ಕೂಸಿನ ಉಲ್ಲನ್ ಕಾಲುಚೀಲ ಸಿಕ್ಕಿತು. ಆಗ ನಮ್ಮ ಮನೆಯಲ್ಲೂ ಅವಳಿ ಕೂಸುಗಳಿದ್ದವು. ಅವತ್ತು ಸಂಜೆಯೇ ಮಕ್ಕಳ ಕಾರ್ ಸೀಟು ಎರಡು ತರಿಸಲು ಹೇಳಿದೆ. ಕೂಸಿನ ಮುಖ ಹಿಂದಕ್ಕೆ, ಬೆನ್ನು ಮುಂದಿನ ಗಾಜಿನ ಕಡೆಗೆ ಬರುವಂತೆ ಕೂರಿಸುವ ಸೀಟು. ಕಾರು ಗುದ್ದಿದರೂ ಎಳೆಯ ಕುತ್ತಿಗೆಗೆ ಪೆಟ್ಟು ಕಡಿಮೆ.

ನಮ್ಮದು ಪುಟ್ಟ ಕಾರು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಮುಂದೆ ಟೇಪು ಹಿಡಿದು ಕೂತು ಹಿಂದಿನ ಸೀಟಿನ ಅಗಲ ಅಳೆದೆ, ಬೆಲ್ಟಿನ ಉದ್ದ ಅಳೆದೆ, ಮುಂದಿನ ಸೀಟುಗಳನ್ನು ಎಷ್ಟು ಮುಂದಕ್ಕೆ ತಳ್ಳಬಹುದೆಂದು ನೋಡಿದೆ. ಎರಡೂ ಸೀಟು ಹಿಡಿಯುತ್ತವೆಂದು ಖಾತ್ರಿಯಾಯಿತು. ಅವ್ವನ ಅಳತೆ ಮಾತ್ರ ತೆಗೆದುಕೊಳ್ಳಲಿಲ್ಲ. ಅವಳು ಎಲ್ಲಾದರೂ ಹೊಂದಿಕೊಳ್ಳುತ್ತಾಳೆ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಲೆಕ್ಕವಾಗಿತ್ತು.

ಕೂಸುಗಳ ಜವಳ, ಅಂದರೆ ಮೊದಲ ಕೂದಲು ತೆಗೆಸುವುದು, ಹರಿಹರದಲ್ಲಿ ನನ್ನ ಹೆಂಡತಿಯ ತವರಿನಲ್ಲಿ ಎಂದು ನಿಶ್ಚಯವಾಯಿತು. ನಮ್ಮ ಅತ್ತೆ ಖುದ್ದಾಗಿ ದಾವಣಗೆರೆಗೆ ಬಂದು ಅವ್ವನೂ ಬರಲೇಬೇಕೆಂದು ಹೇಳಿ ಹೋದರು. ಬೀಗರ ಮನೆಗೆ ಹೋಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ಯಾರ ಜೊತೆ ಬಂದರು, ಹೇಗೆ ಬಂದರು ಎಂಬುದನ್ನು ಓಣಿಗೆ ಓಣಿಯೇ ನಿಂತು ನೋಡುತ್ತದೆ. ಅವ್ವ ಮಗ್ಗದ ಹೊಸ ಸೀರೆಗೆ ವಾರದ ಮೊದಲೇ ಫಾಲ್ಸ್ ಹಚ್ಚಿಸಿ ಇಟ್ಟುಕೊಂಡಿದ್ದಳು.

ಹೊರಡುವ ಬೆಳಿಗ್ಗೆ ನಾನು ಸೀಟುಗಳನ್ನು ಬಿಗಿದು, ಕೂಸುಗಳನ್ನು ಕೂರಿಸಿ, ನನ್ನ ಕೈಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಾ ನಿಂತಿದ್ದೆ. ಅವ್ವ ಬಂದಳು. ಎರಡು ಸೀಟುಗಳ ನಡುವೆ ಉಳಿದದ್ದು ಒಂದು ಗೇಣು. ಅದನ್ನು ನೋಡಿ ಅವಳು ನಕ್ಕಳು.

"ನಿನ್ನ ಕಾರಿನಾಗೆ ಕೂಡಾಕೆ ನಾನೂ ಮತ್ತೆ ಕೂಸಾಗಬೇಕೇನಪ್ಪ," ಎಂದಳು.

ಆದರೂ ಪ್ರಯತ್ನಪಟ್ಟಳು. ಸೀರೆ ಎತ್ತಿ ಹಿಡಿದು, ಸೊಂಟ ಓರೆ ಮಾಡಿ ಒಳಗೆ ತೂರಿದವಳು ಅಲ್ಲೇ ಸಿಕ್ಕಿಕೊಂಡಳು. ಮುಂದಕ್ಕೂ ಬರಲಾರಳು, ಹಿಂದಕ್ಕೂ ಬರಲಾರಳು. ಎದುರು ಮನೆಯವರು ಗೇಟಿಗೆ ಬಂದು ನಿಂತರು. ನನಗೆ ಮೈಯೆಲ್ಲ ಉರಿಯಿತು.

"ಸುಮ್ನೆ ಇಳಿ ಅವ್ವ, ಸೀಟು ಅಲ್ಲಾಡ್ತೈತೆ," ಎಂದು ಗದರಿದೆ. ಎದುರು ಮನೆಯವರು ಕೇಳುವಷ್ಟು ಜೋರಾಗಿಯೇ ಗದರಿದೆ.

ನನ್ನ ಹೆಂಡತಿ ಕೈಹಿಡಿದು ಅವಳನ್ನು ಇಳಿಸಿಕೊಂಡಳು. "ಅತ್ತೆ, ನೀವು ಮುಂದೆ ಕೂಡ್ರಿ. ನಾನು ಬಸ್ಸಿಗೆ ಬರ್ತೀನಿ."

"ಕೂಸುಗಳು ನಿನ್ನ ಬಿಟ್ಟು ಅರ್ಧ ದಾರಿನೂ ಇರಂಗಿಲ್ಲ. ತವರಿಗೆ ಹೋಗೋಳು ಬಸ್ಸಿಗೆ ಹೋದ್ರೆ ನಿಮ್ಮವ್ವ ಏನಂದಾಳು? ನನ್ನ ಚಿಂತೆ ಬ್ಯಾಡ. ಹರಿಹರಕ್ಕೆ ಬಸ್ಸಿಗೇನು ಬರ ಐತೆ?"

ಬಾಡಿಗೆ ಕಾರು ಹೇಳಬಹುದಿತ್ತು. ಒಂದು ಸಲ ಕೂಸುಗಳನ್ನು ಬಿಟ್ಟು ನಾನೇ ವಾಪಸು ಬರಬಹುದಿತ್ತು, ಹರಿಹರವೇನು ಕಾಶಿಯಲ್ಲ. ಇವೆಲ್ಲ ಆಗಲೂ ನನಗೆ ಹೊಳೆದಿದ್ದವು. ಆದರೆ ಹೊತ್ತಾಗಿತ್ತು, ಅವ್ವ ತಾನಾಗಿಯೇ ಒಪ್ಪಿದ್ದಳು, ಮತ್ತು ನನಗೆ ಒಳಗೊಳಗೇ ಹಾಯೆನಿಸಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅವಳು ಚೀಲ ಹಿಡಿದು ಆಟೋ ಹತ್ತಿ ಬಸ್ ಸ್ಟ್ಯಾಂಡಿನ ಕಡೆ ಹೋದಳು.

ನಾವು ಹೊರಟೆವು. ಸ್ಟೀರಿಂಗ್ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಹೆಂಡತಿಯ ಮೊಣಕಾಲುಗಳು ಡ್ಯಾಶ್‌ಬೋರ್ಡಿಗೆ ತಾಗಿದ್ದವು. ನಡುವೆ ಒಂದು ಸೀಟು ಸಡಿಲವಾದಂತೆ ಅನಿಸಿ, ರಸ್ತೆ ಪಕ್ಕ ನಿಲ್ಲಿಸಿ, ಇಳಿದು ಮತ್ತೆ ಬಿಗಿದೆ. ಕೂಸುಗಳು ಸುಖವಾಗಿ ನಿದ್ದೆ ಮಾಡುತ್ತಿದ್ದವು.

ಹರಿಹರದಲ್ಲಿ ಮಾವನವರ ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ. ಅದರ ತಗಡಿನ ನೆರಳಿನಲ್ಲಿ ಅವ್ವ ನಿಂತಿದ್ದಳು. ನಮಗಿಂತ ಎಷ್ಟು ಮೊದಲು ಬಂದಿದ್ದಳೋ. ಹೊಸ ಸೀರೆಯ ನೆರಿಗೆ ಬಸ್ಸಿನ ನೂಕುನುಗ್ಗಲಿಗೆ ಮುದ್ದೆಯಾಗಿತ್ತು. ನಾನು ಗಾಜು ಇಳಿಸಿದೆ.

"ಮನೆಗೆ ಹೋಗೋದಲ್ವಾ? ಬಿಸಿಲಾಗೆ ಯಾಕ ನಿಂತಿ?"

"ಒಬ್ಬಾಕಿನೇ ನಡಕಂಡು ಹೋದ್ರೆ ಬೀಗರು ಏನು ತಿಳ್ಕಂತಾರೆ? ಹೆಂಡ್ರು ಮಕ್ಕಳನ್ನ ಕಾರಿನಾಗೆ ತಂದು ಹೆತ್ತವ್ವನ್ನ ಬಸ್ಸಿಗೆ ಕಳಿಸ್ಯಾನೆ ಅಂತ ನಿನ್ನನ್ನೇ ಆಡ್ಕಂತಾರೆ. ನೀ ಮೆಲ್ಲಗೆ ಹೊಡಿ. ನಾ ಹಿಂದೆ ಹಿಂದೆ ಬರ್ತೀನಿ."

ಇಳಿದುಬಿಡಬೇಕಿತ್ತು. ಇಳಿದು ಅವಳ ಜೊತೆ ನಡೆಯಬೇಕಿತ್ತು. ನಾನು ಗೇರು ಹಾಕಿದೆ. ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನೆರಿಗೆ ಹಿಡಿದು, ಕಾರಿಗೂ ತನಗೂ ಅಂತರ ಬೀಳದಂತೆ ಓಡು ನಡಿಗೆಯಲ್ಲಿ ಬರುತ್ತಿದ್ದಳು. ಅಷ್ಟರಲ್ಲಿ ಎಚ್ಚರವಾಗಿದ್ದ ಒಂದು ಕೂಸು ಹಿಂದಿನ ಗಾಜಿನಲ್ಲಿ ಅಜ್ಜಿಯನ್ನು ಕಂಡು ಕೇಕೆ ಹಾಕಿ ನಗತೊಡಗಿತು. ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮನೆ ಮುಂದೆ ಕಾರು ನಿಲ್ಲಿಸಿದೆ. ಒಳಗಿನಿಂದ ಹೆಂಗಸರು ಹೊರಬರುವ ಸದ್ದಾಯಿತು. ಅವ್ವ ಬೇಗ ಬೇಗ ಎರಡು ಹೆಜ್ಜೆ ಹಾಕಿ ಬಂದು, ಹಿಂದಿನ ಬಾಗಿಲನ್ನು ಹೊರಗಿನಿಂದ ತೆರೆದು, ಎಲ್ಲರಿಗೂ ಕೇಳುವಂತೆ ದಡ್ ಎಂದು ಮುಚ್ಚಿದಳು. ಆಮೇಲೆ ಆಗತಾನೇ ಇಳಿದವಳಂತೆ ಸೆರಗು ಸರಿಮಾಡಿಕೊಂಡು ನಿಂತಳು.

ನಮ್ಮ ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಬಂದರು. "ಬರ್ರಿ, ಬರ್ರಿ. ಕಾರಿನಾಗೆ ಆರಾಮಾಗಿ ಬಂದ್ರೇನು?"

"ಹೂನ್ರಿ. ನನ್ನ ಮಗ ಭಾಳ ಹುಷಾರಾಗಿ ಹೊಡಿತಾನ," ಎಂದಳು ಅವ್ವ.

ಅತ್ತೆ ಅವಳ ಕಾಲಿಗೆ ನೀರು ಹಾಕಿದರು. ಬೆರಳ ಸಂದಿಯಿಂದ, ಹಿಮ್ಮಡಿಯಿಂದ ಧೂಳು ಕರಗಿ ಕೆಂಪಗೆ ಹರಿಯಿತು. ಕಾರಿನಿಂದ ಇಳಿದವರ ಕಾಲಿನಲ್ಲಿ ಅಷ್ಟು ಧೂಳು ಇರುವುದಿಲ್ಲ. ಅತ್ತೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಳಗಿನಿಂದ ಇನ್ನೊಂದು ಚೊಂಬು ನೀರು ತರಿಸಿ, ಬಗ್ಗಿ, ತಮ್ಮ ಕೈಯಿಂದಲೇ ಅವ್ವನ ಪಾದ ತೊಳೆದರು.