ಬಣ್ಣ ಹಚ್ಚಿದ ಕಾಲು

ಆ ದಿನಗಳಲ್ಲಿ ಕಿನ್ನಾಳದ ನಮ್ಮ ಓಣಿಗೆ ಹೊಸಬರು ಬಂದರೆ ಮೊದಲು ಸೆರಗನ್ನೋ ರುಮಾಲಿನ ಚುಂಗನ್ನೋ ಮೂಗಿಗೆ ಹಿಡಿಯುತ್ತಿದ್ದರು. ನಮಗೆ ಅದು ನಗೆಯ ವಿಷಯ. ಮೂಗು ಮುಚ್ಚಿಕೊಳ್ಳುವಂಥ ವಾಸನೆ ಎಲ್ಲಿದೆ ಎಂದು ನಾವು ಮಕ್ಕಳು ಒಬ್ಬರನ್ನೊಬ್ಬರು ಮೂಸಿ ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು.

ಕೊಪ್ಪಳದಿಂದ ಎರಡು ಹರದಾರಿ ಆಚೆಗಿನ ಊರು ಅದು. ನಮ್ಮದು ಚಿತ್ರಗಾರರ ಓಣಿ. ಮರದ ಗೊಂಬೆ, ತೊಟ್ಟಿಲು, ದೇವರ ಮೂರ್ತಿ ಮಾಡುವುದು ಅಲ್ಲಿ ಎಲ್ಲ ಮನೆಗಳ ಕಸುಬು. ಮೂರ್ತಿಗೆ ಕೈಕಾಲು ಕೂಡಿಸಲು ಕಿಟ್ಟ ಬೇಕು. ಹುಣಸೆ ಬೀಜವನ್ನು ನೆನೆಸಿ, ಅರೆದು, ಕುದಿಸಿ ಅಂಟು ಮಾಡಬೇಕು. ಹಳೆಯ ಗೋಣಿಚೀಲವನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಸಿ, ಕುಟ್ಟಿ, ನಾರು ಮಾಡಬೇಕು. ಎರಡನ್ನೂ ಕಲಸಿದರೆ ಕಿಟ್ಟ. ಹಸಿ ಇದ್ದಾಗ ಅದು ಹಿಟ್ಟಿನಷ್ಟು ಮೆತ್ತಗೆ, ಒಣಗಿದ ಮೇಲೆ ಕಟ್ಟಿಗೆಯಷ್ಟು ಗಟ್ಟಿ. ಕೊಳೆತ ಗೋಣಿ ಮತ್ತು ಹುಳಿತ ಅಂಟಿನ ವಾಸನೆ ಗೋಡೆಗೆ, ಕೌದಿಗೆ, ನಮ್ಮ ಕೂದಲಿಗೆ ಎಲ್ಲ ಹತ್ತಿಕೊಂಡಿತ್ತು. ಅದರಲ್ಲೇ ಹುಟ್ಟಿ ಅದರಲ್ಲೇ ಬೆಳೆದವರಿಗೆ ಅದು ವಾಸನೆಯಾಗಿ ಉಳಿದಿರಲಿಲ್ಲ.

ನಾನು ಹೇಳಹೊರಟಿರುವುದು ಯುದ್ಧದ ಕಾಲದ ಒಂದು ಬೇಸಿಗೆಯ ಮಾತು. ಯುದ್ಧ ನಡೆದಿದೆ ಎನ್ನುವುದು ನಮಗೆ ಸೀಮೆಎಣ್ಣೆ ಸಿಗದೆ ಇದ್ದಾಗ ಮಾತ್ರ ನೆನಪಾಗುತ್ತಿತ್ತು. ನನಗೆ ಆಗ ಒಂಬತ್ತು ವರ್ಷ. ಬೇಸಿಗೆಯೆಂದರೆ ಹುಣಸೆ ಬೀಜದ ಕಾಲ. ಅಂಗಳದ ತುಂಬ ಬೀಜ ಹರವಿರುತ್ತಿದ್ದರು. ನಾವು ಒಂದು ಹಿಡಿ ಕದ್ದು ಒಲೆಯ ಕೆಂಡದಲ್ಲಿ ಹುರಿದು ಕಟಕಟ ಕಡಿಯುತ್ತಿದ್ದೆವು. ಕೆಲವನ್ನು ಕಲ್ಲಿಗೆ ತಿಕ್ಕಿ ಎರಡು ಹೋಳು ಮಾಡಿ ಚೌಕಾಬಾರ ಆಡಲು ದಾಳ ಮಾಡಿಕೊಳ್ಳುತ್ತಿದ್ದೆವು.

ಹಿತ್ತಲಲ್ಲಿ ಗೊಂಬೆ ಕಟ್ಟಿಗೆಯ ಒಟ್ಟಲು ಇತ್ತು. ಅದರ ಸಂದಿಯಲ್ಲಿ ಒಂದು ಬೂದು ಬಣ್ಣದ ಬೆಕ್ಕು ವಾಸವಾಗಿತ್ತು. ಅದು ಯಾರೂ ಸಾಕಿದ್ದಲ್ಲ. ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅಂಟು ತಿನ್ನಲು ಬರುವ ಇಲಿಗಳನ್ನು ಹಿಡಿದು ತಿನ್ನುತ್ತಿತ್ತು. ಎಲ್ಲರೂ ಅದನ್ನು ಕಟ್ಟಿಗಿ ಬೆಕ್ಕು ಎನ್ನುತ್ತಿದ್ದರು. ನಾನು ಮಾತ್ರ ರೊಟ್ಟಿಯ ಚೂರನ್ನು ಹಾಲಿನಲ್ಲಿ ಅದ್ದಿ ದೂರ ಇಟ್ಟು ಬರುತ್ತಿದ್ದೆ. ಇಡುವವಳು ಸರಿದ ಮೇಲೆಯೇ ಅದು ಬರುತ್ತಿತ್ತು.

ಒಂದು ಮುಂಜಾನೆ ಚೌಕಾಬಾರದ ಮನೆ ಬರೆಯಲು ಚಪ್ಪಟೆ ತುಂಡು ಬೇಕೆಂದು ಒಟ್ಟಲಿನ ಕೆಳಗಿನ ಕಟ್ಟಿಗೆಯನ್ನೇ ಎಳೆದೆ. ಒಟ್ಟಲು ಜರಿಯಿತು. ಒಂದು ಕೂಗು ಕೇಳಿಸಿತು. ಮಗುವಿನ ಕೂಗು ಎಂದುಕೊಂಡೆ. ದೊಡ್ಡಪ್ಪ ಓಡಿ ಬಂದು ದಿಮ್ಮಿ ಎತ್ತಿದಾಗ ಬೆಕ್ಕಿನ ಮುಂಗಾಲು ನಡುವೆ ಮುರಿದು, ಬೇರೊಂದು ದಿಕ್ಕಿಗೆ ತಿರುಗಿಕೊಂಡಿತ್ತು.

"ಒಟ್ಟಲ ತಾನ ಬಿತ್ತೇನು?" ಎಂದು ಅಜ್ಜಿ ಕೇಳಿದಳು.

ನಾನು ಹೌದು ಎಂದೆ.

ಕೊಪ್ಪಳದಲ್ಲಿ ದನದ ಡಾಕ್ಟರು ಇದ್ದರು. ಅವರನ್ನು ಕರೆಸುವುದು ಎತ್ತು, ಕುದುರೆ ಇದ್ದ ಸಾಹುಕಾರರಿಗೆ ಸಾಧ್ಯ. ನಾನು ಅವರ ಹೆಸರೆತ್ತಿದ್ದಕ್ಕೆ ಅಜ್ಜಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ನಿಮ್ಮಜ್ಜ ಹದಿನೈದು ದಿನ ಜ್ವರದಾಗ ಬಿದ್ದಿದ್ದ. ಅವಗ ಡಾಕ್ಟರ ಕಂಡಿಲ್ಲ. ಈ ಬೆಕ್ಕಿಗೆ ಟಾಂಗಾದಾಗ ಡಾಕ್ಟರ ಬರ್ತಾರಂತ! ಕೇಳ್ರೆಪಾ ಮಾತ!"

ಕೈಗೆಟುಕುವವನು ಎಂದರೆ ಓಣಿಯ ತುದಿಯ ಟಾಂಗಾದ ಖಾದರ್ ಸಾಬ. ಕುದುರೆಯ ಗಾಯಗಳನ್ನು ತಾನೇ ನೋಡಿಕೊಳ್ಳುತ್ತಿದ್ದ. ಆದರೆ ಹುಲಿಗಿಯ ಜಾತ್ರೆಗೆ ಹೋಗುವ ಭಕ್ತರನ್ನು ಸಾಗಿಸಲು ಅವನು ಟಾಂಗಾ ಕಟ್ಟಿಕೊಂಡು ಹೋಗಿದ್ದ. ನನ್ನ ಅಪ್ಪನೂ ಇರಲಿಲ್ಲ. ತೊಟ್ಟಿಲು ಮಾರಲು ಯಲಬುರ್ಗಿ ಕಡೆ ಹೋಗಿದ್ದ.

"ಯವ್ವಾ, ನಾ ಕೂಡಸ್ತೀನಿ ತಗಿ" ಎಂದ ದೊಡ್ಡಪ್ಪ. "ಎಷ್ಟು ದೇವರಿಗೆ ಕೈಕಾಲು ಕೂಡಿಸೀನಿ. ಇದೇನು ಮಹಾ?"

"ಅದು ಗೊಂಬಿ ಅಲ್ಲೋ."

"ಗೊಂಬೀಗಿಂತ ಸಸಾರ. ಗೊಂಬೀದು ಕಾಲು ನಾನ ಕೆತ್ತಬೇಕು. ಇದಕ್ಕ ಹುಟ್ಟಿಸಿದಾವ ಕೆತ್ತಿ ಕೊಟ್ಟಾನ."

ದೊಡ್ಡಪ್ಪನ ಬೆರಳುಗಳು ಆ ಊರಿಗೇ ಹೆಸರಾದವು. ಅಜ್ಜಿ ಬೆಕ್ಕನ್ನು ಕೌದಿಯಲ್ಲಿ ಸುತ್ತಿ ಹಿಡಿದಳು. ದೊಡ್ಡಪ್ಪ ಎಲುಬನ್ನು ನೇರ ಮಾಡಿದ. ಸುತ್ತ ಬಟ್ಟೆ, ಅದರ ಮೇಲೆ ಬಿದಿರಿನ ನಾಲ್ಕು ಸೀಳು. ಅದರ ಮೇಲೆ ಕಿಟ್ಟವನ್ನು ತೋಳಿನಿಂದ ಬೆರಳ ತುದಿಯವರೆಗೆ ಮೆತ್ತಿದ. ಬೆರಳು ಕಾಣದಂತೆ ಮುಚ್ಚಿದ್ದು ಅವನ ಕಣ್ಣಿಗೆ ಸರಿಬರಲಿಲ್ಲ. ಹಸಿ ಕಿಟ್ಟದ ಮೇಲೆ ಕಡ್ಡಿಯಿಂದ ಬೆರಳಿನ ಗೆರೆಗಳನ್ನು ಬರೆದ. ಉಗುರನ್ನೂ ಬರೆದ. ಎರಡು ದಿನ ಬೆಕ್ಕನ್ನು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿ ಬಿಸಿಲಲ್ಲಿಟ್ಟೆವು. ಮೂರನೆಯ ದಿನ ದೊಡ್ಡಪ್ಪ ಕಾಲನ್ನು ಬೆರಳಿನಿಂದ ತಟ್ಟಿ ನೋಡಿದ. ಟಕ್ ಟಕ್ ಎಂದಿತು.

"ಬಣ್ಣ ಹಚ್ಚು ದೊಡ್ಡಪ್ಪಾ" ಎಂದೆ.

ಅವನು ನಕ್ಕ. ಆದರೆ ಹಚ್ಚಿದ. ಬಿಳಿಯ ಬಣ್ಣದ ಮೇಲೆ ಕೆಂಪು, ಕೆಂಪಿನ ಅಂಚಿಗೆ ಹಸಿರು ಗೆರೆ, ಪಾದದ ಮೇಲೆ ಹಳದಿ ಗೆಜ್ಜೆ. ಕೊನೆಗೆ ಮೆರುಗೆಣ್ಣೆ. ನೀರು ಬಿದ್ದರೂ ಒಳಗೆ ಇಳಿಯದ ಹಾಗೆ ಎರಡು ಸಲ ಹಚ್ಚಿದ.

ಆ ಬೆಕ್ಕು ಅಂಗಳದಲ್ಲಿ ನಡೆದ ದಿನವನ್ನು ಓಣಿಯ ಜನ ಬಹಳ ಕಾಲ ನೆನೆಯುತ್ತಿದ್ದರು. ಟೊಕ್, ಟೊಕ್ ಎಂದು ಸದ್ದು ಮಾಡುತ್ತ ನಡೆಯಿತು. ನೋಡಲು ಬೇರೆ ಓಣಿಯವರೂ ಬಂದರು.

"ಏನ್ರೀ ಚಿತ್ರಗಾರ್ರ, ನಮ್ಮ ಮುದುಕಿ ಮೊಣಕಾಲಿಗೂ ಒಂದ ಇಂಥಾದ್ದು ಹಾಕಿ ಕೊಡ್ರಲ್ಲಾ" ಎಂದು ಒಬ್ಬ ಕೇಳಿದ.

"ಮುದುಕಿನ್ನ ಎರಡ ದಿನ ಬುಟ್ಟಿ ಕೆಳಗ ಕುಂದರಿಸಿದರ ಹಾಕ್ತೀನಿ" ಎಂದ ದೊಡ್ಡಪ್ಪ.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಕಟ್ಟಿಗೆ ಎಳೆದವಳು ನಾನೇ ಎನ್ನುವುದು ಇನ್ನು ಯಾರಿಗೂ ಬೇಕಾಗದ ವಿಷಯ ಎಂದು ನನಗೆ ಅನಿಸಿತ್ತು.

ಐದಾರು ದಿನ ಕಳೆದ ಮೇಲೆ ಬೆಕ್ಕು ಆ ಕಾಲನ್ನು ಕಡಿಯತೊಡಗಿತು. ಬಣ್ಣ ಕಿತ್ತು ಬರುತ್ತಿತ್ತು. ಬೆಕ್ಕಿಗೂ ಅಂಟಿನ ರುಚಿ ಹತ್ತಿದೆ ಎಂದುಕೊಂಡೆವು. ಇಲಿ ತಿನ್ನುವುದನ್ನು ಬೆಕ್ಕು ತಿಂದರೆ ಆಶ್ಚರ್ಯವೇನು ಎಂದು ಅಜ್ಜಿ ಹೇಳಿದಳು. ಗೊಂಬೆಗೆ ಇಲಿ ಹತ್ತದಂತೆ ನಾವು ಬೇವಿನ ರಸ ಬಳಿಯುತ್ತಿದ್ದೆವು. ನಾನು ಬೇವಿನೆಲೆ ಅರೆದು, ದಿನಕ್ಕೆರಡು ಸಲ, ಆ ಬಣ್ಣದ ಕಾಲಿಗೆ ಬಳಿದೆ. ಕಡಿಯುವುದು ನಿಂತಿತು. ನಿಂತಿತೆಂದು ದೊಡ್ಡಪ್ಪ ನನ್ನ ಬೆನ್ನು ತಟ್ಟಿದ. ಅದು ರೊಟ್ಟಿ ತಿನ್ನುವುದೂ ನಿಂತಿತ್ತು. ಎಂದೂ ಒಳಗೆ ಬಾರದ್ದು ಪಡಸಾಲೆಯ ಮೂಲೆ ಹಿಡಿದಿತ್ತು. ಬಿಸಿಲು ಜೋರಾಗಿದೆ, ಅದಕ್ಕೇ ಎಂದುಕೊಂಡೆವು.

ಹನ್ನೆರಡನೆಯ ದಿನ ಮಧ್ಯಾಹ್ನ ಖಾದರ್ ಸಾಬ ಹುಲಿಗಿಯಿಂದ ತಿರುಗಿ ಬಂದ. ಬೆಕ್ಕಿನ ಸುದ್ದಿ ದಾರಿಯಲ್ಲೇ ಕೇಳಿ ನೇರ ನಮ್ಮ ಮನೆಗೆ ಬಂದಿದ್ದ. ಹೊಸ್ತಿಲಿನ ಹತ್ತಿರ ನಿಂತುಬಿಟ್ಟ.

"ಚಿತ್ರಗಾರ್ರ, ಏನ್ ಸತ್ತೈತ್ರೀ ಮನ್ಯಾಗ?"

"ಏ, ಹನ್ನೆರಡು ದಿನದಾಗ ನಮ್ಮ ಓಣಿ ವಾಸನಿ ಮರೆತಿಯೇನೋ ಸಾಬಾ?" ಎಂದು ಅಜ್ಜಿ ನಕ್ಕಳು. "ಗೋಣಿ ನೆನಿ ಹಾಕೀವಿ."

"ಗೋಣಿ ವಾಸನಿ ನನಗ ಗೊತ್ತಿಲ್ಲೇನವ್ವಾ? ಇದು ಅದಲ್ಲ. ನನ್ನ ಹಳೇ ಕುದುರಿ ಗೊರಸು ಕೊಳೆತಾಗ ಹಿಂಗ ಬರ್ತಿತ್ತು."

ಅವನು ವಾಸನೆ ಹಿಡಿದು ನಡೆದ. ಅಡಿಗೆಮನೆ ಬಿಟ್ಟ, ನೆನೆಹಾಕಿದ ಗಡಿಗೆ ಬಿಟ್ಟ. ಪಡಸಾಲೆಯ ಮೂಲೆಯಲ್ಲಿ ಮಲಗಿದ್ದ ಬೆಕ್ಕಿನ ಎದುರು ಕುಕ್ಕರುಗಾಲಲ್ಲಿ ಕೂತ. ಬಣ್ಣದ ಕಾಲನ್ನು ಎತ್ತಿ ಮೂಸಿದ. ಮುಖ ತಿರುಗಿಸಿದ.

"ಉಳಿ ತಗೊಂಬರ್ರಿ" ಎಂದ. ದನಿ ಬಹಳ ಸಣ್ಣದಾಗಿತ್ತು.

ಮುಂದಿನದನ್ನು ನಾನು ಮೂರು ಮಾರು ದೂರದಲ್ಲಿ ನಿಂತು ನೋಡಿದ್ದೇನೆ. ದೊಡ್ಡಪ್ಪ ತನ್ನ ಅತಿ ಸಣ್ಣ ಉಳಿಯನ್ನು ತಂದ. ಕಿಟ್ಟದ ಮೇಲೆ ಉದ್ದಕ್ಕೆ ಗೆರೆ ಹಾಕಿ ಮೆಲ್ಲಗೆ ಬಡಿದ. ಬೆಕ್ಕು ಕೂಗಲಿಲ್ಲ. ಅದೇ ಮೊದಲ ಹೆದರಿಕೆ. ಕಿಟ್ಟ ಬಿರಿಯಿತು. ದೊಡ್ಡಪ್ಪ ಅದನ್ನು ಬಿಡಿಸಲು ಮೆಲ್ಲಗೆ ಎಳೆದ. ಅದು ಬಂತು. ಅದರ ಜೊತೆಗೆ ಕಾಲೂ ಬಂತು.

ಬೆಕ್ಕು ಒಂದು ಕಡೆ ಇತ್ತು. ದೊಡ್ಡಪ್ಪನ ಕೈಯಲ್ಲಿ ಕೆಂಪು, ಹಸಿರು, ಹಳದಿ ಗೆಜ್ಜೆಯ ಕಾಲು ಇತ್ತು. ಕಿಟ್ಟದ ತೆರೆದ ತುದಿಯಿಂದ ಒಳಗಿನದು ಕಾಣುತ್ತಿತ್ತು, ಕಪ್ಪಗೆ. ಬೂದು ಕೂದಲು ಇನ್ನೂ ಹಾಗೇ ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಕಪ್ಪಲ್ಲ. ಮೇಲಿನ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ ಎನ್ನುವುದು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಚೀರಿದೆ.

"ಕಟ್ಟಿಗಿ ನಾನ ಎಳೆದೆ ದೊಡ್ಡಪ್ಪಾ! ಒಟ್ಟಲ ತಾನ ಬಿದ್ದಿಲ್ಲ! ಬೇವಿನ ರಸಾನೂ ನಾನ ಹಚ್ಚಿದೆ!"

ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದುದನ್ನೇ ನೋಡುತ್ತಿದ್ದ.

"ಕಟ್ಟಿಗಿ ಬಿದ್ದು ಮುರದದ್ದು ಎಲುಬು, ಮಗಳ" ಎಂದ. "ಕಾಲು ಕಳದಾವ ನಾನು."

ಖಾದರ್ ಸಾಬ ಬೇವಿನ ನೀರು ಕಾಸಲು ಹೇಳಿದ. ಉಳಿದ ಮೋಟುಗಾಲನ್ನು ತೊಳೆದು, ಅರಿಸಿನ ಮತ್ತು ಎಣ್ಣೆ ಹಚ್ಚಿ, ತನ್ನ ರುಮಾಲಿನ ತುದಿ ಹರಿದು ಸಡಿಲಾಗಿ ಸುತ್ತಿದ. "ಗಾಯಕ್ಕ ಗಾಳಿ ಬೇಕ್ರೀ. ಕಟ್ಟಿಗಿಗೆ ಬ್ಯಾಡ. ಜೀವಕ್ಕ ಬೇಕು" ಎಂದ. ಬಯ್ಯಲೆಂದು ಹೇಳಿದ್ದಲ್ಲ, ಆದರೆ ದೊಡ್ಡಪ್ಪ ತಲೆ ತಗ್ಗಿಸಿದ. ಖಾದರ್ ಸಾಬ ಬೆಕ್ಕನ್ನು ಎದೆಗೆ ಅವಚಿಕೊಂಡು ತನ್ನ ಕುದುರೆ ಕೊಟ್ಟಿಗೆಗೆ ಒಯ್ದ. ಬಣ್ಣದ ಕಾಲನ್ನು ದೊಡ್ಡಪ್ಪ ಯಾರ ಕೈಗೂ ಕೊಡದೆ ತಾನೇ ಹಿತ್ತಲಲ್ಲಿ ಹೂಳಿದ.

ಬೆಕ್ಕು ಬದುಕಿತು. ಬದುಕುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಮಳೆಗಾಲದ ಹೊತ್ತಿಗೆ ಮೂರು ಕಾಲಲ್ಲಿ ಕೊಟ್ಟಿಗೆಯ ಮಾಳಿಗೆ ಹತ್ತತೊಡಗಿತು. ಹಲವು ವರ್ಷ ಅಲ್ಲೇ ಇತ್ತು. ನಮ್ಮ ಒಟ್ಟಲಿನ ಕಡೆಗೆ ಮತ್ತೆ ಬರಲಿಲ್ಲ. ಆ ದಾರಿಯಲ್ಲಿ ದೊಡ್ಡಪ್ಪ ಹೋದರೆ ಎದ್ದು, ಅವಸರವಿಲ್ಲದೆ, ಮಾಳಿಗೆಯ ಆಚೆ ಬದಿಗೆ ಇಳಿದುಬಿಡುತ್ತಿತ್ತು. ದೊಡ್ಡಪ್ಪ ನಿಂತು, ಅದು ಕಣ್ಮರೆಯಾದ ಮೇಲೆ ಮುಂದೆ ನಡೆಯುತ್ತಿದ್ದ.

ಅವನು ಕಸುಬು ಬಿಡಲಿಲ್ಲ. ಕೈಯೂ ಕೆಡಲಿಲ್ಲ. ಆದರೆ ಒಂದು ಹೊಸ ರೂಢಿ ಬಂತು. ಮನೆಗೆ ಹೊರಗಿನವರು ಯಾರೇ ಬರಲಿ, ಬೀಗರು, ಮೂರ್ತಿ ಒಯ್ಯಲು ಬಂದವರು, ದಾರಿ ಕೇಳಲು ನಿಂತವರು, ಎಲ್ಲರನ್ನೂ ಹೊಸ್ತಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದ:

"ನಮಗ ತಿಳಿಯೂದಿಲ್ರೀ. ಏನರ ವಾಸನಿ ಬರಾಕತ್ತೈತೇನು, ಖರೇ ಹೇಳ್ರಿ."

ಬಂದವರು ಸಂಕೋಚದಿಂದ ಮೂಗಿನಿಂದ ಸೆರಗು ತೆಗೆದು "ಏನಿಲ್ಲ ಬಿಡ್ರಿ" ಎನ್ನುತ್ತಿದ್ದರು. ಅವನು ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಹುಡುಗಿಯರಾದ ನಾವು ಈ ಪ್ರಶ್ನೆಗೆ ನಾಚುತ್ತಿದ್ದೆವು. ಸಾಯುವವರೆಗೆ ಕೇಳಿದ.

ಕಳೆದ ಸಲ ಹೋದಾಗ ಆ ಮನೆಯಲ್ಲಿ ನನ್ನ ತಮ್ಮನ ಮೊಮ್ಮಗ ಗೊಂಬೆ ಕೂಡಿಸುತ್ತ ಕೂತಿದ್ದ. ಅಂಟು ಡಬ್ಬಿಯಲ್ಲಿ ಬರುತ್ತದೆ. ಗೋಣಿ ಕೊಳೆಸುವವರಿಲ್ಲ, ಹುಣಸೆ ಬೀಜ ಅರೆಯುವವರಿಲ್ಲ. ಅಂಗಳ ಚೊಕ್ಕಟವಾಗಿದೆ. ನಾನು ಹೊಸ್ತಿಲಲ್ಲಿ ನಿಂತು ಉಸಿರೆಳೆದೆ. ಏನೂ ಬರಲಿಲ್ಲ. ಈಗ ನಾನೇ ಹೊರಗಿನವಳು, ಈಗ ನನಗೆ ತಿಳಿಯಬೇಕಿತ್ತು.

"ಒಳಗ ಬಾರ ಅಜ್ಜಿ, ಯಾಕ ನಿಂತಿ ಅಲ್ಲೆ?" ಎಂದ ಹುಡುಗ.

ಹೊಸ್ತಿಲಲ್ಲೇ ನಿಂತು ದೊಡ್ಡಪ್ಪನ ಪ್ರಶ್ನೆಗೆ ಕಾದೆ. ಅವನು ಬೇರೇನೂ ಕೇಳಲಿಲ್ಲ.