ಪಲ್ಪರ್ ಮನೆಯ ಮೋಹಿನಿ ಮತ್ತು ಒಂದು ಕೆಂಜಿಗ

ಮೊನ್ನೆ ಬೆಳಿಗ್ಗೆ ಜೇನಿನ ಬಾಟಲಿಯ ಮುಚ್ಚಳ ತೆಗೆದರೆ ಅದರ ಅಂಚಿಗೆ ಒಂದು ಕೆಂಜಿಗ ಅಂಟಿಕೊಂಡಿತ್ತು. ತೋಟದ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ, ಕಚ್ಚಿದರೆ ಬಿಡದ ಆ ಕೆಂಪಿರುವೆ ನಮ್ಮ ಮನೆಗೆ ಹೊಸದೇನಲ್ಲ. ಸೊಸೆ ಒರೆಸಿ ಹಾಕಲು ಬಟ್ಟೆ ತಂದಳು. ನಾನು ಬೇಡವೆಂದು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಜೇನಿನ ಜೊತೆಗೆ ಸೀಮೆಎಣ್ಣೆ ದೀಪದ ಮಸಿಯ ವಾಸನೆಯೂ ಎಲ್ಲಿಂದಲೋ ಬಂದಂತಾಯಿತು... ನಗು ತಡೆಯಲಾಗಲಿಲ್ಲ. ಮುದುಕಿಯೊಬ್ಬಳು ಇರುವೆ ನೋಡಿ ನಕ್ಕರೆ ಮನೆಯವರು ಹೇಗೆ ನೋಡುತ್ತಾರೋ ಹಾಗೇ ಸೊಸೆ ನನ್ನನ್ನು ನೋಡಿದಳು.

ಕೊಡಗು ಇನ್ನೂ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಹಾಸನದ ಕಡೆಯಿಂದ ಬಂದ ಅಪ್ಪ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ನಾನು ಹೈಸ್ಕೂಲಿನಲ್ಲಿದ್ದೆ. ಕಾಫಿ ಪಿಕ್ಕಿಂಗ್ ಮುಗಿದು ಜನರ ಕೈ ಬಿಡುವಾದಾಗ ಊರ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು. ಆ ಟೆಂಟಿನ ಆಪರೇಟರೇ ನನಗೆ ಈಗ ನೆನಪಾದವರು. ತಲಶ್ಶೇರಿ ಕಡೆಯವರು, ಸಣಕಲು ಆಳು, ಕಿವಿಯ ಮೇಲೆ ಸದಾ ಒಂದು ಬೀಡಿ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಮಾತ್ರ ಬರುತ್ತಿರಲಿಲ್ಲ. ನಾವು ಅವರನ್ನು ಆಪರೇಟರಣ್ಣ ಎನ್ನುತ್ತಿದ್ದೆವು. ಅವರು ನನ್ನನ್ನು ಅವರ ಮಲಯಾಳದಲ್ಲಿ ‘ಮೋಳೆ’, ಎಂದರೆ ಮಗಳೇ, ಎಂದು ಕರೆಯುತ್ತಿದ್ದರು.

ನನಗೂ ನನ್ನ ತರಗತಿಯ ಬೋಪಣ್ಣನಿಗೂ ಆ ವರ್ಷ ಸಿನಿಮಾ ತೆಗೆಯುವ ಹುಚ್ಚು ಹಿಡಿದಿತ್ತು. ಅದೂ ದೆವ್ವದ ಸಿನಿಮಾ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಮೋಹಿನಿಯೊಬ್ಬಳು ಸೇರಿಕೊಂಡು ರೈಟರುಗಳನ್ನು ಓಡಿಸುವ ಕಥೆ, ಬರೆದವಳು ನಾನು. ಇದ್ದ ಒಂದೇ ಕೊರತೆ ಎಂದರೆ ಕ್ಯಾಮೆರಾ. ಕೈಯಲ್ಲಿ ಕಾಸಿಲ್ಲದವರ ಕನಸು ಯಾವಾಗಲೂ ದೊಡ್ಡದೇ. ಇಬ್ಬರೂ ಹೋಗಿ ಆಪರೇಟರಣ್ಣನ ಮುಂದೆ ನಿಂತೆವು.

ಅವರು ನಗಲಿಲ್ಲ. ಬೀಡಿ ಹಚ್ಚಿ ಯೋಚಿಸಿದರು. ಚಿತ್ರ ಶುರುವಾಗುವ ಮೊದಲು ಸೋಡಾ, ಬೀಡಿ, ಜವಳಿ ಅಂಗಡಿಗಳ ಜಾಹೀರಾತನ್ನು ಗಾಜಿನ ಸ್ಲೈಡಿನಲ್ಲಿ ತೋರಿಸುತ್ತಿದ್ದರಲ್ಲ, ಅಂಥದ್ದೊಂದನ್ನು ನನ್ನ ಕೈಗಿಟ್ಟರು.

“ಕ್ಯಾಮೆರಾ ಎಂತಕ್ಕೆ ಮೋಳೆ? ಗಾಜಿಗೆ ಮಸಿ ಹಿಡಿ, ಸೂಜಿಯಲ್ಲಿ ಗೀರು. ಬೆಳಕು ನಾನು ಕೊಡ್ತೇನೆ.”

ಬಡಗಿಯ ಹತ್ತಿರ ಒಡೆದ ಕಿಟಕಿಯ ಗಾಜು ಬೇಡಿ ತಂದೆವು. ಒಂದು ಗಾಜಿನ ಮೇಲೆ ಚಿತ್ರ, ಅದರ ಮೇಲೆ ಇನ್ನೊಂದು ಗಾಜು, ನಡುವೆ ಅಂಚಿಗೆ ರಟ್ಟಿನ ತುಂಡು, ಸುತ್ತ ಕಾಗದದ ಪಟ್ಟಿ. ಸ್ಲೈಡನ್ನು ದೀಪದ ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಇಡಬೇಕಿತ್ತು. ಆಪರೇಟರಣ್ಣನಿಗೆ ಅಕ್ಷರ ನೋಡಿ ತಿಳಿಯದ ಕಾರಣ ಪ್ರತಿಯೊಂದರ ಮೂಲೆಗೂ ಒಂದು ಕುಂಕುಮದ ಬೊಟ್ಟು ಇಟ್ಟೆವು. ಮಸಿ ಉದುರದ ಹಾಗೆ ಗೋಂದು ಕಲಸಿ ಎಂದು ಅವರು ಹೇಳಿದ್ದರು. ಗೋಂದು ಎಲ್ಲಿಂದ ತರುವುದು? ಬೋಪಣ್ಣನ ಮನೆಯಲ್ಲಿ ಜೇನು ಕೊಡಗಟ್ಟಲೆ ಇತ್ತು. ಅಂಟಿಗೆ ಅಂಟೇ ತಾನೆ ಎಂದು ಮಸಿಗೆ ಜೇನು ಕಲಸಿದೆವು. ಕೊಡಗಿನ ಮಕ್ಕಳಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಬುದ್ಧಿ ಅದು.

ಇನ್ನು ಟೆಂಟಿನ ಸಾಹುಕಾರರ ಒಪ್ಪಿಗೆ ಬೇಕಿತ್ತು. ಟೆಂಟು ಅದೇ ವಾರ ಸೋಮವಾರಪೇಟೆಗೆ ಹೊರಡುವುದರಲ್ಲಿತ್ತು. ಆಪರೇಟರಣ್ಣ ನಮ್ಮ ಪರವಾಗಿ ಎರಡು ದಿನ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಸಾಹುಕಾರರು ಒಂದು ಷರತ್ತು ಹಾಕಿದರು.

“ಸಂತೆ ದಿನ ಮೊದಲ ಆಟಕ್ಕೆ ಮುಂಚೆ ಮೂರು ಸ್ಲೈಡು ಹಾಕಿ, ಟ್ರೇಲರ್ ತರ. ಜನ ಹೆದರಿದ್ರೆ ಮಾರನೇ ದಿನ ಮಧ್ಯಾಹ್ನ ಟೆಂಟು ನಿಮ್ದು. ನಕ್ರು ಅಂದ್ರೆ ನಿಮ್ಮ ಗಾಜು ನಿಮ್ಮನೆಗೆ. ನೀನೂ ಅಷ್ಟೆ, ಇನ್ನು ಮಕ್ಕಳಾಟ ಅಂತ ನನ್ನ ಹತ್ರ ಬರಬಾರ್ದು.”

ಕೊನೆಯ ಮಾತು ಆಪರೇಟರಣ್ಣನಿಗೆ. ಅವರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಒಂದು ಮಾತು ಹೇಳಿದರು: “ಇಷ್ಟು ವರ್ಷ ಬೇರೆಯವರ ಪಟ ತೋರಿಸಿದೆ. ಇದು ನಮ್ಮದು.” ಅವರು ‘ನಮ್ಮದು’ ಎಂದದ್ದು ಆಗ ನನಗೆ ಅಷ್ಟಾಗಿ ತಟ್ಟಲಿಲ್ಲ.

ಸಂತೆಯ ದಿನ ಬೋಪಣ್ಣ ರಟ್ಟಿನ ತುತ್ತೂರಿ ಮಾಡಿಕೊಂಡು ಬಸ್ಸಿನ ಟಾಪ್ ಹತ್ತಿ ಕೂಗಿದ: ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಬನ್ನಿ, ಬಸುರಿಯರು ಬರಬೇಡಿ. ಆ ಸಂಜೆ ಇಬ್ಬರು ಬಸುರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ನನ್ನ ಅಜ್ಜಿಯನ್ನೂ ಕರೆತಂದಿದ್ದೆ, ಎಲೆಅಡಿಕೆ ಚೀಲದ ಸಮೇತ.

ಮೊದಲ ಸ್ಲೈಡು ಬಂತು. ಪಲ್ಪರ್ ಮನೆ. ಯಾರೋ “ಓ, ದನದ ಕೊಟ್ಟಿಗೆ” ಎಂದರು. ಹಿಂದಿನಿಂದ ಒಂದು ಕಿಸಕ್ಕನೆ ನಗು. ಎರಡನೆಯದು, ಓಡುವ ರೈಟರ್. ನಗು ಇನ್ನೂ ನಾಲ್ಕು ಬಾಯಿಗೆ ಹಬ್ಬಿತು. ಸಾಹುಕಾರರು ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು. ಮೂರನೆಯದು, ಮಸಿಯನ್ನೆಲ್ಲ ಕೆರೆದು ಮಾಡಿದ ಬೆಳದಿಂಗಳಲ್ಲಿ ಕೂದಲು ಬಿಟ್ಟು ನಿಂತ ಮೋಹಿನಿ. ನಗು ಇನ್ನೇನು ಟೆಂಟು ತುಂಬಬೇಕು, ಅಷ್ಟರಲ್ಲಿ ಪರದೆಯ ಮೂಲೆಯಿಂದ ಆನೆ ಗಾತ್ರದ್ದೊಂದು ಕಪ್ಪಗಿನದು ಹೊರಟಿತು. ಆರು ಕಾಲು. ಹಾರೆಯಂಥ ಎರಡು ಕೋರೆ. ಅದು ಮೋಹಿನಿಯ ಸೀರೆ ಹತ್ತಿ, ಎದೆ ಹತ್ತಿ, ಮುಖದ ಮೇಲೆ ನಿಂತು ಮೀಸೆ ಆಡಿಸಿತು.

ಜೇನಿನ ಆಸೆಗೆ ನಮ್ಮ ಮನೆಯಲ್ಲೇ, ಪಟ್ಟಿ ಅಂಟಿಸುವ ಮೊದಲು, ಗಾಜುಗಳ ನಡುವೆ ನುಗ್ಗಿ ಕೂತಿದ್ದ ಕೆಂಜಿಗ, ದೀಪದ ಬಿಸಿಗೆ ಎದ್ದು ಓಡತೊಡಗಿತ್ತು.

ಟೆಂಟೇ ಕಿರುಚಿತು. ಬೆಂಚುಗಳು ಮಗುಚಿದವು. ಪರದೆಯ ಹಿಂದೆ ಗುಡುಗಿಗೆಂದು ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದ ಬೋಪಣ್ಣ ತಲೆಯೆತ್ತಿ ನೋಡಿ ಡಬ್ಬ ಎಸೆದು ಓಡಿದ. ಆ ಸದ್ದಿಗೆ ಉಳಿದವರೂ ಎದ್ದರು. ಅಜ್ಜಿ ನನ್ನ ಜಡೆ ಹಿಡಿದುಕೊಂಡು, “ಅದ್ಯಾವ ಮಾರಿನೇ ಮನೇಲಿ ಸಾಕಿದ್ದೆ, ಮುಂಡೇದೇ” ಎಂದು ಬೈದರು. ನಾನು ತಿರುಗಿ ಆಪರೇಟರಣ್ಣನನ್ನು ನೋಡಿದೆ. ಸ್ಲೈಡು ಎಳೆಯಲು ಅವರಿಗೆ ಅರೆಗಳಿಗೆ ಸಾಕಿತ್ತು. ಅವರು ಎಳೆಯಲಿಲ್ಲ. ಎರಡು ಬೆರಳಲ್ಲಿ ಲೆನ್ಸನ್ನು ಮೆಲ್ಲಗೆ ತಿರುಗಿಸಿ ಇರುವೆಯ ಕೋರೆಯನ್ನು ಇನ್ನೂ ಸ್ಪಷ್ಟ ಮಾಡಿದರು.

ಸಾಹುಕಾರರು ಮಾತಿಗೆ ತಪ್ಪಲಿಲ್ಲ. ತಪ್ಪುವ ಹಾಗೂ ಇರಲಿಲ್ಲ, ಅವರ ಪಂಚೆಯ ಮೇಲೆ ಅವರದೇ ಚಹಾ ಚೆಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ ಮೂವರೂ ಖಾಲಿ ಬೆಂಕಿಪೆಟ್ಟಿಗೆ ಹಿಡಿದು ಕೆಂಜಿಗ ಹುಡುಕಿ ತೋಟಕ್ಕೆ ನುಗ್ಗಿದೆವು. ಜನ ಕೇಳುತ್ತಿದ್ದದ್ದು ಓಡಾಡುವ ದೆವ್ವವನ್ನು. ಅದನ್ನು ಕೊಡದೆ ವಿಧಿಯಿರಲಿಲ್ಲ. ಕೆಂಜಿಗ ಕಚ್ಚಿದಾಗಲೆಲ್ಲ ಆಪರೇಟರಣ್ಣ ಮಲಯಾಳದಲ್ಲಿ ಏನೋ ಅಂದು, ನನ್ನತ್ತ ನೋಡಿ, “ಅದು ನಿನಗಲ್ಲ ಮೋಳೆ” ಎನ್ನುತ್ತಿದ್ದರು. ಹಗಲಿನಲ್ಲಿ ಕತ್ತಲಾಗಲೆಂದು ಲೈನಿನ ಮನೆಗಳ ಕೂಲಿಯವರು ತಮ್ಮ ಕಂಬಳಿಗಳನ್ನೇ ತಂದು ಟೆಂಟಿಗೆ ಹೊದಿಸಿದರು. ಕಾಲಿಡಲು ಜಾಗವಿರಲಿಲ್ಲ. ಅರ್ಧ ಕಥೆಗೆ ಪಿಕ್ಕಿಂಗಿಗೆ ಬರುವ ಹೆಂಗಸೊಬ್ಬಳು, “ಅಯ್ಯೋ, ನಮ್ ಕೆಂಜಿಗ ಅಲ್ವೇನ್ರೇ” ಎಂದು ಗುಟ್ಟು ಒಡೆದಳು. ಟೆಂಟು ಬಿದ್ದು ಬಿದ್ದು ನಕ್ಕಿತು, ಆದರೆ ಒಬ್ಬರೂ ಏಳಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಎಂದರು, ಇನ್ನೊಮ್ಮೆ ತೋರಿಸಿದೆವು. ಅಷ್ಟು ಸಂತೋಷದ ಮಧ್ಯಾಹ್ನ ನನ್ನ ಬಾಳಿನಲ್ಲಿ ಎಷ್ಟು ಬಂದಿವೆ ಎಂದು ಎಣಿಸಲು ಒಂದು ಕೈ ಸಾಕು.

ಕೊನೆಯ ಸ್ಲೈಡು ಹೆಸರುಗಳದ್ದು. ಕಥೆ ನಾನು, ಚಿತ್ರ ಬೋಪಣ್ಣ, ಜೇನು ಬೋಪಣ್ಣನ ತಾಯಿ, ಗಾಜು ಬಡಗಿ. ಆ ಬೆಳಿಗ್ಗೆ ಬೋಪಣ್ಣ ಕೆಳಗೆ ಇನ್ನೊಂದು ಸಾಲು ಗೀರಿದ್ದ: ದೆವ್ವದ ಪಾತ್ರದಲ್ಲಿ ಕೆಂಜಿಗ. ಆಪರೇಟರಣ್ಣ ಕುಂಕುಮದ ಬೊಟ್ಟು ನೋಡಿ ಸ್ಲೈಡನ್ನು ಜೋಪಾನವಾಗಿ ಇಟ್ಟರು. ಜನ ಓದಿ ಚಪ್ಪಾಳೆ ಹೊಡೆದರು. ಆಪರೇಟರಣ್ಣ ಪರದೆಯನ್ನೇ ನೋಡುತ್ತ ಕೇಳಿದರು:

“ಎಲ್ಲರ ಹೆಸರೂ ಉಂಟಲ್ಲಾ ಮೋಳೆ?”

“ಎಲ್ಲರದ್ದೂ ಉಂಟು ಅಣ್ಣ,” ಎಂದೆ.

ಮರುದಿನ ಟೆಂಟು ಹೊರಟಿತು. ಮುಂದಿನ ವರ್ಷ ಬೇರೆ ಆಪರೇಟರ್ ಬಂದಿದ್ದ. ಹಳಬರು ಎಲ್ಲಿ ಎಂದು ವಿಚಾರಿಸಲು ಹೋದೆ. “ಯಾರು, ಹೆಸರೇನು?” ಎಂದ. ಇರುವೆಯ ಹೆಸರನ್ನೂ ಬರೆದ ನಾವು ಅವರ ಹೆಸರು ಕೇಳಿಯೇ ಇರಲಿಲ್ಲ.

ಮೊನ್ನೆ ಆ ಕೆಂಜಿಗವನ್ನು ಒಂದು ಕಡ್ಡಿಯಿಂದ ಬಿಡಿಸಿ ಕಿಟಕಿಯಾಚೆಗಿನ ಕಾಫಿ ಗಿಡದ ಮೇಲೆ ಬಿಟ್ಟೆ. ಯಾಕೆ ನಕ್ಕಿರಿ ಎಂದು ಸೊಸೆ ಕೇಳಿದಳು. ಇಡೀ ಕಥೆ ಹೇಳಿದೆ, ಅವಳೂ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, “ಆಪರೇಟರ್ ಹೆಸರೇನತ್ತೆ?” ಎಂದಳು. ನಾನು ಬಾಟಲಿಯ ಮುಚ್ಚಳ ಹಾಕಿದೆ.