ನಾನು ಸಾಯಬೇಕಾಗಿದ್ದ ವಸಂತ

ಗುಟ್ಟಾಗಿ ಆಗಬೇಕಾದ ಕೆಲಸವನ್ನು ತೆಕ್ಲಾಗೆ ಒಪ್ಪಿಸಬಾರದು ಎಂಬುದು ಮೋಲ್ದೋವಾದ ನಮ್ಮ ಈ ಮೂಲೆಯಲ್ಲಿ ಕೂಸುಮಕ್ಕಳಿಗೂ ಗೊತ್ತು. ಆ ತೆಕ್ಲಾ ನಾನೇ. ಮದುವೆ, ನಾಮಕರಣ, ತಿಥಿ ಎಂದು ಊರವರ ಮನೆಗಳಲ್ಲಿ ಅಡುಗೆ ಮಾಡಿಕೊಂಡೇ ಬದುಕಿದವಳು. ಒಲೆಯ ಮೇಲೆ ಎಲೆಕೋಸಿನ ಸುರುಳಿಗಳು ಬೇಯುವಷ್ಟರಲ್ಲಿ ಆ ಮನೆಯ ಸೊಸೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ನೆಲಮಾಳಿಗೆಯ ವೈನ್ ಹುಳಿಯಾಗಿದೆಯೋ ಇಲ್ಲವೋ ಎಲ್ಲ ನನಗೆ ತಿಳಿದಿರುತ್ತದೆ. ಮಾರನೆಯ ದಿನ ಊರಿಗೂ ತಿಳಿದಿರುತ್ತದೆ. ಇಂಥವಳನ್ನು ಹುಡುಕಿಕೊಂಡು ಕಿಶಿನೌ ನಗರದಿಂದ ಕೊರಿನಾ ಎಂಬ ಹುಡುಗಿ ಬಂದಳೆಂದರೆ, ಅವಳನ್ನು ಕಳಿಸಿದ ಸಹಾಯ ಸಂಸ್ಥೆಯವರ ಬುದ್ಧಿಗೆ ಏನೆನ್ನಲಿ?

ಅದು ಕೊರೊನಾ ಬಂದ ಮೊದಲ ವಸಂತ. ಮದುವೆಗಳೆಲ್ಲ ನಿಂತಿದ್ದವು. ನನ್ನ ದೊಡ್ಡ ಹಂಡೆಗಳು ಜಗಲಿಯಲ್ಲಿ ಬೋರಲು ಮಲಗಿದ್ದವು, ನಾನೂ ಹೆಚ್ಚುಕಡಿಮೆ ಹಾಗೆಯೇ ಬಿದ್ದುಕೊಂಡಿದ್ದೆ. ಕೊರಿನಾ ಮಾಸ್ಕ್ ಹಾಕಿಕೊಂಡು ಗೇಟಿನಾಚೆಯೇ ನಿಂತು ಮಾತಾಡಿದಳು.

"ಯಾರ ಮನೇಲಿ ಒಲೆ ಉರೀತಿಲ್ಲ ಅಂತ ನಿಮಗೆ ಗೊತ್ತಿರುತ್ತೆ ಅಂದ್ರು."

"ಯಾರಂದ್ರು?"

"ಯಾರನ್ನ ಕೇಳಿದ್ರೂ ಹಾಗೇ ಅಂದ್ರು ಆಂಟಿ."

ಅದನ್ನು ಹೊಗಳಿಕೆ ಎಂದುಕೊಂಡು ಉಬ್ಬಿಹೋದೆ. ಹಂಡೆಗಳನ್ನು ಪಕ್ಕಕ್ಕೆ ಸರಿಸಿ ಅವಳು ತಂದಿದ್ದ ಪೆಟ್ಟಿಗೆಗಳನ್ನು ಪೇರಿಸಿದೆವು. ಒಂದೊಂದರಲ್ಲೂ ಎಣ್ಣೆ, ಅಕ್ಕಿ, ಜೋಳದ ಹಿಟ್ಟು, ಸಕ್ಕರೆ, ಸೋಪು, ಜ್ವರದ ಮಾತ್ರೆ. "ಯಾರಿಗೂ ಅವಮಾನ ಆಗ್ಬಾರ್ದು, ಸದ್ದಿಲ್ಲದೆ ಕೊಡಿ" ಎಂದು ಹೇಳಿ ಅವಳು ಹೊರಟುಹೋದಳು.

ಸದ್ದಿಲ್ಲದೆ ಕೊಡಲು ಹೊರಟೆ. ತೆಗೆದುಕೊಳ್ಳುವವರೇ ಇಲ್ಲ. ಮೇಲಿನ ಬೀದಿಯವರು "ನಮಗೇನು ಕಡಿಮೆಯಾಗಿದೆ? ಕೆಳಗಿನ ಬೀದೀಲಿ ಕೊಡು" ಎಂದರು. ಕೆಳಗಿನ ಬೀದಿಯವರು ಮೇಲಕ್ಕೆ ಕಳಿಸಿದರು. ಇಟಲಿಯಿಂದ ಮಕ್ಕಳು ಕಳಿಸುತ್ತಿದ್ದ ಹಣ ನಿಂತು, ಬರೀ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುತ್ತಿದ್ದವರೂ ನನ್ನೆದುರು ಮಾಂಸ ತಿಂದೆದ್ದವರಂತೆ ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ನಿಂತರು. ತೆಕ್ಲಾ ಕೈಯಿಂದ ಒಂದು ಲೀಟರ್ ಎಣ್ಣೆ ಇಸಿದುಕೊಂಡರೆ ಊರಿಗೆಲ್ಲ ಡಂಗುರವಾಗುತ್ತದೆ ಎಂಬ ಭಯ ಅವರಿಗೆ. ತಪ್ಪೇನಿಲ್ಲ, ಆಗುತ್ತಿತ್ತು.

ಉಳಿದವರ ಮಾತು ಬಿಡಿ, ನನ್ನ ಎದೆಯ ಮೇಲೆ ಕೂತಿದ್ದವಳು ಪಕ್ಕದ ಮನೆಯ ದೋಮ್ನಿಕಾ. ಅವಳ ಗಂಡ ಸಾವಾನನ್ನು ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದವರು ಮುಚ್ಚಿದ ಶವಪೆಟ್ಟಿಗೆಯಲ್ಲಿ ವಾಪಸು ತಂದು, ಯಾರನ್ನೂ ಹತ್ತಿರ ಬಿಡದೆ ಹೂತು ಹೋಗಿದ್ದರು. ಮೂರು ಮಕ್ಕಳನ್ನು ಕಟ್ಟಿಕೊಂಡು, ಕೆಮ್ಮುತ್ತ, ಅವಳು ಮನೆಯೊಳಗೇ ಇರಬೇಕಾಗಿತ್ತು. ಅಂಗಡಿಗೆ ಹೋಗುವಂತಿಲ್ಲ, ಬಾಯಿ ಬಿಟ್ಟು ಯಾರನ್ನೂ ಕೇಳುವವಳೂ ಅಲ್ಲ. ನನ್ನ ಅಡುಗೆಮನೆಯ ಕಿಟಕಿಯಿಂದ ಅವಳ ಮನೆಯ ಹೊಗೆಕೊಳವೆ ಕಾಣುತ್ತದೆ. ಅದರಲ್ಲಿ ಹೊಗೆ ಕಾಣದಾಗಿತ್ತು. ನಾನು ಬೆಳಗ್ಗೆ ಎದ್ದು ಅದನ್ನು ನೋಡುವುದು, ತಿನ್ನಲು ಕೂತರೆ ತುತ್ತು ಇಳಿಯದಿರುವುದು. ನನ್ನಂಥವಳಿಗೆ ತುತ್ತು ಇಳಿಯಲಿಲ್ಲವೆಂದರೆ ಅದು ಸಣ್ಣ ಸಂಗತಿಯಲ್ಲ.

ಒಂದು ಪೆಟ್ಟಿಗೆಯನ್ನು ಅವಳ ಗೇಟಿನ ಬಳಿ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಅದು ರಸ್ತೆಯ ನಡುವೆ ಕೂತಿತ್ತು, ಅವಳ ಹೆಬ್ಬಾತುಗಳು ಅಕ್ಕಿ ಹೆಕ್ಕುತ್ತಿದ್ದವು. ನಮ್ಮೆರಡು ಮನೆಗಳ ನಡುವೆ ಮಾತು ಸತ್ತದ್ದೇ ಹೆಬ್ಬಾತುಗಳಿಂದ. ಅವು ನನ್ನ ತೋಟಕ್ಕೆ ನುಗ್ಗುವುದು, ನಮ್ಮವರು ಕಲ್ಲು ಬೀಸುವುದು, ಹೀಗೇ ವರ್ಷಗಳು ಕಳೆದಿದ್ದವು.

ನಮ್ಮಲ್ಲಿ ಯಾರೂ ಬೇಡ ಎನ್ನಲಾಗದ್ದು ಒಂದಿದೆ, ಪೊಮಾನಾ. ಸತ್ತವರ ಹೆಸರು ಹೇಳಿ ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ಏಕೆಂದರೆ ಅದು ಆಚೆ ಲೋಕದಲ್ಲಿ ಆ ಸತ್ತವರಿಗೇ ಮುಟ್ಟುತ್ತದೆ. ತೆಗೆದುಕೊಂಡವರೇ ಕೊಟ್ಟವರಿಗೆ ಉಪಕಾರ ಮಾಡಿದಂತೆ. ಈಸ್ಟರ್ ಆದ ಮರುವಾರ ಊರೆಲ್ಲ ಸಮಾಧಿಗಳ ಬಳಿ ಸೇರಿ ಹೀಗೆ ಕೊಟ್ಟು ತೆಗೆದುಕೊಳ್ಳುವುದು ರೂಢಿ. ಆ ವರ್ಷ ಸ್ಮಶಾನಕ್ಕೂ ಬೀಗ ಬಿದ್ದಿತ್ತು. ಇದು ಹೊಳೆದದ್ದೇ ತಡ, ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿ, ಇನ್ನೊಂದು ಪೆಟ್ಟಿಗೆಯ ಮೇಲೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು ಅವಳ ಗೇಟಿನ ಮುಂದೆ ಹೋಗಿ ನಿಂತೆ.

"ದೋಮ್ನಿಕಾ, ಇದು ನಮ್ಮಮ್ಮನ ಪೊಮಾನಾ ಕಣೆ. ತಗೋ."

ಗೇಟಿನ ಹಿಂದಿನಿಂದ ಮೊದಲು ಕೆಮ್ಮು, ಆಮೇಲೆ ಮಾತು ಬಂತು. "ನಿಮ್ಮಮ್ಮ ನನ್ನ ಹೆಬ್ಬಾತಿನ ಕಾಲು ಮುರ್ದೋಳು. ಅವಳು ಸತ್ತ ಮೇಲೂ ನನಗೆ ಕೊಡೋಳಲ್ಲ."

"ಸರಿ, ನಮ್ಮ ಯಜಮಾನ್ರದ್ದು ಅಂದ್ಕೊ."

"ಆ ಕಾಲು ಮುರಿದ ಹೆಬ್ಬಾತನ್ನ ಸಾರು ಮಾಡ್ಕೊಂಡು ತಿಂದೋನು ತಾನೆ?"

ಅದು ನಿಜ. ಸಾರು ಚೆನ್ನಾಗಿಯೇ ಆಗಿತ್ತು, ಮಾಡಿದ್ದು ನಾನು.

"ನಮ್ಮತ್ತೇದು?"

"ನಿಮ್ಮತ್ತೆ ನನ್ನ ಮದುವೇಲಿ ಬಂದು ಅತ್ತೋಳು. ಸಾವಾಗೆ ತನ್ನ ತಂಗಿ ಮಗಳನ್ನ ಕೊಡ್ಬೇಕು ಅಂತಿದ್ಲು."

ಅಲ್ಲಿಗೆ ನಮ್ಮ ಮನೆಯಲ್ಲಿ ಸತ್ತವರು ಮುಗಿದರು. ಅವಳೊಂದಿಗೆ ಜಗಳವಾಡದೆ ಸತ್ತವರು ಒಬ್ಬರೂ ಇರಲಿಲ್ಲ. ಬತ್ತಿ ಕರಗಿ ನನ್ನ ಬೆರಳ ಮೇಲೆ ಬೀಳುತ್ತಿತ್ತು. ಒಳಗಿನಿಂದ ಒಂದು ಮಗು, "ಅಮ್ಮಾ, ತಿನ್ನೋಕೆ ತಂದಿದಾರಾ?" ಎಂದಿತು. ಅವಳು ಅದನ್ನು ಗದರಿಸಿದಳು. ನನ್ನ ನಾಲಿಗೆ ಎಂದೂ ನನ್ನನ್ನು ಕೇಳಿ ಹೊರಳಿದ್ದಲ್ಲ.

"ಹಾಗಾದ್ರೆ ನಂದೇ ಪೊಮಾನಾ."

"ನಿಂದಾ? ನೀನು ಗುಂಡುಕಲ್ಲಿನ ಹಾಗಿದೀಯಲ್ಲ."

"ಬದುಕಿರೋವಾಗ್ಲೇ ತಮ್ಮದನ್ನ ತಾವೇ ಕೊಟ್ಕೊಳ್ಳೋರು ಇರ್ತಾರಲ್ಲ. ನಾನು ಹೋದ್ರೆ ನನ್ನ ಹೆಸರಲ್ಲಿ ಕೊಡೋಕೆ ಯಾರಿದಾರೆ ಹೇಳು?"

ಈ ಕೊನೆಯ ಮಾತು ಮಾತ್ರ ಸುಳ್ಳಾಗಿರಲಿಲ್ಲ. ನನಗೆ ಮಕ್ಕಳಿಲ್ಲ.

"ಡಾಕ್ಟರ್ ಏನಂದ್ರು?" ಅವಳ ಧ್ವನಿ ಬೇರೆಯಾಗಿತ್ತು.

ನಾನು ಸುಮ್ಮನಿದ್ದೆ. ತೆಕ್ಲಾ ಸುಮ್ಮನಿದ್ದಾಳೆ ಎಂದರೆ ಕಾಯಿಲೆ ದೊಡ್ಡದೇ ಇರಬೇಕು ಎಂದು ಅವಳು ನಂಬಿದಳು. ನಾನು ಹಿಂದೆ ಸರಿದು ನಿಂತ ಮೇಲೆ ಗೇಟು ತೆರೆದು ಪೆಟ್ಟಿಗೆ ಎತ್ತಿಕೊಂಡಳು.

"ದೇವರು ನಿನ್ನ ಪಾಪ ಎಲ್ಲ ಕ್ಷಮಿಸ್ಲಿ, ತೆಕ್ಲಕ್ಕ. ತುಂಬಾ ಇದಾವೆ, ಅವನಿಗೂ ಸ್ವಲ್ಪ ಹೊತ್ತು ಹಿಡಿಯುತ್ತೆ."

ಮಧ್ಯಾಹ್ನದ ಹೊತ್ತಿಗೆ ಅವಳ ಹೊಗೆಕೊಳವೆಯಲ್ಲಿ ಹೊಗೆ ಎದ್ದಿತು. ನಾನು ಕಿಟಕಿಯ ಮುಂದೆ ನಿಂತು ಗಳಗಳನೆ ಅತ್ತೆ.

ದೋಮ್ನಿಕಾ ಹೊರಗೆ ಬರುವಂತಿರಲಿಲ್ಲ ನಿಜ, ಆದರೆ ಅವಳ ಬಳಿ ಫೋನ್ ಇತ್ತು. ಸಂಜೆಯೊಳಗೆ ನಾನು ಸಾಯುತ್ತಿರುವುದು ಊರಿಗೆಲ್ಲ ಗೊತ್ತಾಯಿತು. ಇಷ್ಟು ಬೇಗ ಸುದ್ದಿ ಹರಡುವುದು ನನ್ನೊಬ್ಬಳಿಂದಲೇ ಸಾಧ್ಯ ಎಂದುಕೊಂಡಿದ್ದೆ, ಆ ಹಮ್ಮೂ ಇಳಿಯಿತು. ಪಾದ್ರಿಗಳು ಫೋನ್ ಮಾಡಿ ಪಾಪನಿವೇದನೆ ಯಾವಾಗ ಎಂದು ಕೇಳಿದರು, ಆಮೇಲೆ ತಾವೇ ಯೋಚಿಸಿ, ಬೆಳಗ್ಗೆ ಬೇಗನೆ ಶುರು ಮಾಡೋಣ ಎಂದರು. ಮೊದಲು ಬೇಡವೆಂದ ಮನೆಗಳಿಗೆಲ್ಲ ಬತ್ತಿ ಹಚ್ಚಿಕೊಂಡು ಮತ್ತೆ ಹೋದೆ. ಸಾಯುವವಳ ಕೈಯನ್ನು ಹಿಂದಕ್ಕೆ ತಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಜಗಲಿ ಖಾಲಿಯಾಯಿತು.

"ಹೇಗೆ ಒಪ್ಪಿಸಿದ್ರಿ ಆಂಟಿ?" ಫೋನ್ ಮಾಡಿದ ಕೊರಿನಾಗೆ ಆಶ್ಚರ್ಯ.

"ಸಾಯ್ತಾ ಇದೀನಿ ಕಣಮ್ಮ."

"ಏನು?"

"ಏನಿಲ್ಲ. ವಾರ ವಾರ ಕಳಿಸ್ತಾ ಇರು."

ಸಾಯುವುದು ಸುಲಭ, ಸಾಯುತ್ತ ಇರುವುದು ಬಲು ಕಷ್ಟ. ಪರದೆ ಎಳೆದುಕೊಂಡು ಕದ್ದು ತಿನ್ನಬೇಕಾಯಿತು. ಶವಪೆಟ್ಟಿಗೆ ಮಾಡುವ ಬಡಗಿ ಹರಲಾಂಬ್ ಬೇಲಿಯಾಚೆ ನಿಂತು ನನ್ನ ಗೇಟನ್ನೂ ನನ್ನನ್ನೂ ಕಣ್ಣಲ್ಲೇ ಅಳೆದು, "ತೆಕ್ಲಕ್ಕ, ಗೇಟು ಸಾಲಲ್ಲ, ಬೇಲಿ ಬಿಚ್ಚಬೇಕಾಗುತ್ತೆ" ಎಂದು ವಿನಯದಿಂದ ಹೇಳಿದ. ನನ್ನ ದೊಡ್ಡ ಹಂಡೆಯನ್ನು ಯಾರಿಗೆ ಬಿಟ್ಟುಹೋಗುತ್ತೀ ಎಂದು ಕೇಳಿದವರಿದ್ದರು. ಅದೆಲ್ಲ ಸಹಿಸಿದೆ. ಸಾಯುವವಳ ಮನಸ್ಸನ್ನು ಯಾಕೆ ಕೆಡಿಸಬೇಕೆಂದು ಊರಿನ ಒಂದು ಸುದ್ದಿಯನ್ನೂ ನನಗೆ ಹೇಳದೆ ಬಿಟ್ಟರಲ್ಲ, ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಚೆರಿ ಹಣ್ಣಾಗುವ ಹೊತ್ತಿಗೆ ದೋಮ್ನಿಕಾ ಚೇತರಿಸಿಕೊಂಡಿದ್ದಳು. ಹೊರಗೆ ಓಡಾಡಬಹುದು ಎಂದಾದ ಮೇಲೆ ಮೊದಲು ಬಂದದ್ದು ನನ್ನ ಮನೆಗೆ. ನಾನು ಜಗಲಿಯಲ್ಲಿ ಕೂತು ಗಿಣ್ಣು ತುಂಬಿದ ಕಡುಬಿನ ತಟ್ಟೆಯನ್ನು ಆಗಷ್ಟೇ ಖಾಲಿ ಮಾಡಿದ್ದೆ, ಬಚ್ಚಿಡಲು ಸಮಯವಾಗಲಿಲ್ಲ. ಅವಳು ಬಹಳ ಇಳಿದುಹೋಗಿದ್ದಳು. ಕೈಯಲ್ಲಿ ಮಡಿಸಿದ ಕಸೂತಿಯ ಬಟ್ಟೆಗಳಿದ್ದವು, ಹೆಣದ ಜೊತೆ ಇಡುವಂಥವು.

"ತೆಕ್ಲಕ್ಕ, ನಿನಗೆ ಯಾರೂ ಇಲ್ಲ ಅಂದಿದ್ದೆ. ನಾನಿದೀನಿ. ಸ್ನಾನ ಮಾಡಿಸೋದು, ಬಟ್ಟೆ ಉಡಿಸೋದು ಎಲ್ಲ ನಾನೇ ಮಾಡ್ತೀನಿ. ಸಾವಾಗೆ ಮಾಡೋಕೆ ಬಿಡ್ಲಿಲ್ಲ ನನಗೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಜ ಹೇಳಿದರೆ ಅವಳು ಮುಂದಿನ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ, ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮೂರು ಹೊಟ್ಟೆಗಳು ಕಾಯುತ್ತಿವೆ. ಹೇಳದಿದ್ದರೆ ಈ ಬಟ್ಟೆಗಳನ್ನು ಯಾವ ಮುಖ ಹೊತ್ತು ಇಸಿದುಕೊಳ್ಳಲಿ? ಹೇಳಿಬಿಡುವುದೆಂದು ನಿರ್ಧರಿಸಿದೆ.

"ದೋಮ್ನಿಕಾ, ಒಂದು ಮಾತು," ಎಂದೆ.

ಅಷ್ಟರಲ್ಲಿ ಅವಳ ಬೆನ್ನ ಹಿಂದಿನಿಂದ ದೊಡ್ಡ ಮಗಳು ಕತಿಂಕಾ ಇಣುಕಿದಳು. ತಟ್ಟೆ ನೋಡಿದಳು, ನನ್ನ ಕೆನ್ನೆ ನೋಡಿದಳು.

"ಅಮ್ಮಾ, ಎಲ್ಲಾ ತಿಂದಿದಾರೆ ನೋಡು. ತೆಕ್ಲಜ್ಜಿ, ವಾಸಿ ಆಯ್ತಾ ನಿಮಗೆ? ನಾವು ಮೂರೂ ಜನ ದಿನಾ ಮಂಡಿ ಊರಿ ದೇವ್ರನ್ನ ಬೇಡ್ಕೊಂಡ್ವಿ." ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದಳು, "ಅಪ್ಪಂಗೂ ಹೀಗೇ ಬೇಡ್ಕೊಂಡಿದ್ವಿ. ಆವಾಗ ದೇವ್ರಿಗೆ ಕೇಳಿಸ್ಲಿಲ್ಲ. ಈ ಸಲ ಕೇಳಿಸಿದೆ."

ದೋಮ್ನಿಕಾ ಮೊದಲು ತಟ್ಟೆಯನ್ನು ನೋಡಿದಳು. ಆಮೇಲೆ ಜಗಲಿಯ ಮೂಲೆಯಲ್ಲಿ ಸಂಸ್ಥೆಯ ಮುದ್ರೆ ಹೊತ್ತ ಹೊಸ ಪೆಟ್ಟಿಗೆಗಳನ್ನು ನೋಡಿದಳು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳು ದಡ್ಡಿಯಲ್ಲ.

"ಹೇಳಕ್ಕ," ಎಂದಳು ಮೆಲ್ಲಗೆ. "ವಾಸಿ ಆಯ್ತು ಅಂತ ಮಗೂಗೆ ಹೇಳು."

"ವಾಸಿ ಆಯ್ತು ಕಂದ," ಎಂದೆ.

"ಹಾಗಾದ್ರೆ ಇವತ್ತಿಂದ ಬೇಡ್ಕೊಳ್ಳೋದು ನಿಲ್ಲಿಸ್ಬೋದಾ?"

"ನಿಲ್ಲಿಸ್ಬೇಡ," ಎಂದೆ. ಅಳು ಬಂದುಬಿಟ್ಟಿತು.

ದೋಮ್ನಿಕಾ ಬಟ್ಟೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೂಲೆಗೆ ನಡೆದಳು. ಬಗ್ಗಿ, ಒಂದು ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು.

"ಇನ್ನು ಮೇಲೆ ನಾನೇ ಬಂದು ತಗೊಂಡೋಗ್ತೀನಿ," ಎಂದಳು. "ನೀನು ಹೊತ್ಕೊಂಡು ಬರ್ಬೇಡ. ಈಗ ತಾನೇ ಕಾಯಿಲೆಯಿಂದ ಎದ್ದಿದೀಯ."